ಸೋರದ ಸೋರಿಕೆ: ಹಳೆಯ ಡೀಸೆಲ್ ಜೀಪಿನಲ್ಲಿ ಗಾಳಿಯನ್ನು ಹುಡುಕಿದ್ದು

ನಮ್ಮ ಜೀಪು ಸಂಜೆ ಕಲಾದಗಿಯ ತೋಟದಿಂದ ಯಾವ ತಕರಾರೂ ಇಲ್ಲದೆ ಮನೆಗೆ ಓಡಿ ಬಂದು, ಮರುದಿನ ಬೆಳಿಗ್ಗೆ ಮಾತ್ರ ಏಳಲೊಲ್ಲದೆ ಹಟ ಹಿಡಿದು ನಿಲ್ಲುತ್ತಿತ್ತು. ಬ್ಯಾಟರಿ ಗಟ್ಟಿಯಾಗಿತ್ತು, ಸೆಲ್ಫ್ ಹೊಡೆದರೆ ಎಂಜಿನ್ ಚೆನ್ನಾಗಿಯೇ ತಿರುಗುತ್ತಿತ್ತು. ಆದರೆ ನಾಲ್ಕೈದು ಸಲ ಹೊಡೆದ ಮೇಲೆ ಒಂದು ಸಿಲಿಂಡರ್ ಕೆಮ್ಮಿ, ಇನ್ನೊಂದು ಅದಕ್ಕೆ ದನಿಗೂಡಿಸಿ, ಇಡೀ ಗಾಡಿ ಗಡಗಡ ನಡುಗಿ, ಬಿಳಿ ಹೊಗೆ ಕಾರಿ, ಕಡೆಗೊಮ್ಮೆ ಹದಕ್ಕೆ ಬರುತ್ತಿತ್ತು. ದೀಪಾವಳಿ ಕಳೆದ ಮೇಲೆ ಶುರುವಾದದ್ದರಿಂದ ಚಳಿಯ ಕಾರಣವಿರಬೇಕೆಂದು ಸುಮ್ಮನಾದೆ. ಬಾಗಲಕೋಟೆ ಸೀಮೆಯ ಚಳಿ ಡೀಸೆಲ್ ಎಂಜಿನ್ನಿಗೆ ಚಳಿಯೇ ಅಲ್ಲ ಎಂಬುದನ್ನು ಆಗಲೇ ಯೋಚಿಸಬೇಕಿತ್ತು.

ಜೀಪು 1996ರ ಮಾದರಿಯದು. ತಂದೆಯವರು ಚಿಕ್ಕು ಮತ್ತು ದಾಳಿಂಬೆಯ ಬುಟ್ಟಿಗಳನ್ನು ಸಾಗಿಸಲೆಂದು ಕೊಂಡದ್ದು, ಅವರ ನಂತರ ನನ್ನ ಪಾಲಿಗೆ ಬಂದಿತು. ನಾಲ್ಕು ಸಿಲಿಂಡರಿನ ನೇರ ಇಂಜೆಕ್ಷನ್ ಎಂಜಿನ್. ಅದರ ಮಗ್ಗುಲಿಗೆ ಡೀಸೆಲನ್ನು ಒತ್ತುವ ನಾಲ್ಕು ಪ್ಲಂಜರುಗಳು ಸಾಲಾಗಿ ನಿಂತ, ನಮ್ಮ ಕಡೆ ಎಲ್ಲರೂ ‘ಮೈಕೋ ಪಂಪು’ ಎಂದೇ ಕರೆಯುವ ಹಳೆಯ ಬಗೆಯ ಇಂಜೆಕ್ಷನ್ ಪಂಪು. 1951ರಲ್ಲಿ ಆರಂಭವಾದ, ಬೆಂಗಳೂರಿನ ಮೈಕೋ ಕಂಪನಿಯ ಹೆಸರು 2008ರಲ್ಲಿಯೇ ಬಾಷ್ ಎಂದು ಬದಲಾಗಿದ್ದರೂ ಟ್ರ್ಯಾಕ್ಟರ್ ಮತ್ತು ಜೀಪುಗಳ ಗ್ಯಾರೇಜುಗಳಲ್ಲಿ ಹಳೆಯ ಹೆಸರು ಇನ್ನೂ ಅಳಿದಿಲ್ಲ. ಈ ಗಾಡಿಯಲ್ಲಿ ಕಂಪ್ಯೂಟರ್ ಇಲ್ಲ, ಸೆನ್ಸರ್ ಇಲ್ಲ. ಡೀಸೆಲ್ ಮತ್ತು ಗಾಳಿ ಎರಡೂ ತಮ್ಮ ತಮ್ಮ ದಾರಿಯಲ್ಲಿ ಹೋದರೆ ಅದು ಓಡುತ್ತದೆ, ಒಂದರ ದಾರಿಯಲ್ಲಿ ಇನ್ನೊಂದು ಹೊಕ್ಕರೆ ನಿಲ್ಲುತ್ತದೆ.

ಅದು ನಿಂತದ್ದು ಜನವರಿಯಲ್ಲಿ, ಬನಶಂಕರಿ ಜಾತ್ರೆಗೆಂದು ಮನೆಮಂದಿಯನ್ನೆಲ್ಲ ಕೂರಿಸಿಕೊಂಡು ಹೊರಟ ದಿನ. ಗುಳೇದಗುಡ್ಡದ ಕಡೆಯ ಒಂದು ಏರಿನಲ್ಲಿ ಎಂಜಿನ್ ಎರಡು ಸಲ ಬಿಕ್ಕಿತು. ಆಕ್ಸಿಲರೇಟರ್ ಒತ್ತಿದರೂ ದನಿ ಏರಲಿಲ್ಲ. ಮೂರನೆಯ ಬಿಕ್ಕಿಗೆ ಆರಿಹೋಯಿತು. ಬಾನೆಟ್ ಎತ್ತಿ ನೋಡಿದರೆ ಎಲ್ಲಿಯೂ ಒಂದು ಹನಿ ಡೀಸೆಲ್ ಸೋರಿರಲಿಲ್ಲ. ಟ್ಯಾಂಕಿನಿಂದ ಡೀಸೆಲ್ ಎಳೆಯುವ ಫೀಡ್ ಪಂಪಿನ ಮೇಲಿರುವ ಹ್ಯಾಂಡ್ ಪಂಪಿನ ಗುಬಟನ್ನು ತಿರುಗಿಸಿ ಸಡಿಲಿಸಿ ಒತ್ತಿದಾಗ ಬೆರಳಿಗೆ ಡೀಸೆಲಿನ ಬಿಗಿ ಸಿಗದೆ, ಖಾಲಿ ಪಿಚಕಾರಿಯನ್ನು ಒತ್ತಿದಂತೆ ಮೆತ್ತಗೆ ಒಳಗೆ ಹೋಯಿತು. ನಲವತ್ತು ಸಲ ಒತ್ತಿದ ಮೇಲೆ ಬಿಗಿ ಬಂತು, ಗಾಡಿ ಹೊರಟಿತು, ಬಾದಾಮಿ ಮುಟ್ಟುವುದರೊಳಗೆ ಇದನ್ನೇ ಇನ್ನೆರಡು ಸಲ ಮಾಡಬೇಕಾಯಿತು. ಅಂದಿನ ಜಾತ್ರೆಯಲ್ಲಿ ನನಗೆ ನೆನಪಿರುವುದು ಅಂಗೈಯ ಡೀಸೆಲ್ ವಾಸನೆಯೊಂದೇ.

ಊರಿಗೆ ಮರಳಿ ಪಂಪು ಮತ್ತು ನೋಜಲ್ (ಸಿಲಿಂಡರಿಗೆ ಡೀಸೆಲ್ ಚಿಮ್ಮಿಸುವ ಮೂತಿ) ಕೆಲಸಕ್ಕೆ ಹೆಸರಾದ ಒಂದು ಗ್ಯಾರೇಜಿಗೆ ಒಯ್ದೆ. ಅದು ಯಾವುದೆಂದು ಹೇಳಬೇಕಾಗಿಲ್ಲ. ಅವರು ಪ್ರಶ್ನೆಯನ್ನೇ ಕೇಳದೆ ಪಂಪು ಇಳಿಸಿದರು, ನಾಲ್ಕೂ ನೋಜಲ್ ಬದಲಿಸಿದರು, ಎರಡೂ ಫಿಲ್ಟರ್ ಹೊಸದಾಗಿ ಹಾಕಿದರು, ಡೀಸೆಲ್ ಟ್ಯಾಂಕ್ ತುಂಬಿಸಿಕೊಂಡು ಹೋಗಿರೆಂದು ಹೇಳಿ ಹನ್ನೊಂದು ಸಾವಿರ ರೂಪಾಯಿ ತೆಗೆದುಕೊಂಡರು. ಒಂದು ವಾರ ಗಾಡಿ ಹಗುರವಾಗಿ ಓಡಿತು. ಎಂಟನೆಯ ದಿನ ಬೆಳಿಗ್ಗೆ ಮತ್ತೆ ಅದೇ ಕೆಮ್ಮು. ಕೆಲಸ ಕೆಟ್ಟದಾಗಿತ್ತು ಎಂದು ನಾನು ಹೇಳಲಾರೆ, ಹೊಸ ನೋಜಲಿನಿಂದ ಎಂಜಿನ್ನಿನ ದನಿ ನಿಜವಾಗಿಯೂ ನಯವಾಗಿತ್ತು. ಆದರೆ ರೋಗವಿದ್ದ ಜಾಗಕ್ಕೆ ಅವರ ಪಾನಾ ಮುಟ್ಟಿರಲೇ ಇಲ್ಲ.

ಗದ್ದನಕೇರಿ ಕ್ರಾಸಿನ ಹತ್ತಿರ ಟ್ರ್ಯಾಕ್ಟರ್ ದುರಸ್ತಿ ಮಾಡುವ ಹಿರಿಯ ಮಿಸ್ತ್ರಿಯೊಬ್ಬರಿದ್ದಾರೆ. ಸುತ್ತಲಿನವರೆಲ್ಲ ಅವರನ್ನು ಚಾಚಾ ಎನ್ನುತ್ತಾರೆ, ನಾನೂ ಹಾಗೆಯೇ ಕರೆಯುತ್ತೇನೆ. ಅವರು ಬಾನೆಟ್ ಎತ್ತುವ ಮೊದಲು ನನ್ನನ್ನು ಕಲ್ಲಿನ ಮೇಲೆ ಕೂರಿಸಿ ಎರಡು ಪ್ರಶ್ನೆ ಕೇಳಿದರು.

‘ಗೌಡ್ರ, ಸಂಜಿಗಿ ಗಾಡಿ ನಿಲ್ಲಸ್ತೀರಲ್ಲ, ಅದರ ಮೂತಿ ಮ್ಯಾಲ ಇರತೈತೋ ಕೆಳಗೋ? ಮತ್ತ ಟಾಕ್ಯಾಗ ಎಷ್ಟು ಡಿಜೇಲ್ ಇದ್ದಾಗ ಹಿಂಗ ಮಾಡತೈತಿ?’

ಎರಡಕ್ಕೂ ನನ್ನ ಬಳಿ ಉತ್ತರವಿರಲಿಲ್ಲ. ಮನೆಯ ಮುಂದಿನ ಇಳಿಜಾರಿನಲ್ಲಿ ಕೆಲವು ದಿನ ಮೂತಿ ಮೇಲಾಗಿ, ಕೆಲವು ದಿನ ಕೆಳಗಾಗಿ ನಿಲ್ಲಿಸುತ್ತಿದ್ದೆ. ಟ್ಯಾಂಕಿನ ಗೇಜ್ ಕೆಟ್ಟು ಎಷ್ಟೋ ವರ್ಷವಾಗಿರುವುದರಿಂದ ಬಿದಿರಿನ ಕಡ್ಡಿ ಇಳಿಸಿ ಬೆರಳಿನ ಲೆಕ್ಕದಲ್ಲಿ ಅಳೆಯುವುದು ನಮ್ಮ ಮನೆಯ ಪದ್ಧತಿ. ತುಂಬಿದರೆ ಹನ್ನೆರಡು ಬೆರಳು. ಹತ್ತು ದಿನ ಇವೆಲ್ಲವನ್ನೂ ಬರೆದಿಟ್ಟುಕೊಂಡು ಬನ್ನಿ ಎಂದು ಚಾಚಾ ನನ್ನನ್ನು ವಾಪಸು ಕಳಿಸಿದರು. ಸಿಟ್ಟೇ ಬಂದಿತ್ತು, ಆದರೂ ಬರೆದೆ. ಹತ್ತು ದಿನಗಳಲ್ಲಿ ಒಂದಂತೂ ಖಚಿತವಾಯಿತು: ಮೂತಿ ಮೇಲಾಗಿ ನಿಲ್ಲಿಸಿದ ಮರುದಿನ ಎಂಜಿನ್ ಏಳಲು ಐದಾರು ಸಲ ಸೆಲ್ಫ್ ಹೊಡೆಯಬೇಕು, ಕೆಳಗಾಗಿ ನಿಲ್ಲಿಸಿದರೆ ಎರಡು ಸಲಕ್ಕೆ ಏಳುತ್ತದೆ. ಬೆರಳಿನ ಲೆಕ್ಕವನ್ನು ಬರೆದಿದ್ದೆನಾದರೂ ಅದರಲ್ಲಿ ಏನೂ ಕಾಣಲಿಲ್ಲ. ಕಾಣದಿರಲು ಕಾರಣವಿತ್ತು, ಅದನ್ನು ಮುಂದೆ ಹೇಳುತ್ತೇನೆ.

ಈ ಮೂತಿಯ ಪ್ರಶ್ನೆ ಏಕೆ ಎಂಬುದು ಡೀಸೆಲಿನ ದಾರಿಯನ್ನು ನೋಡಿದರೆ ತಿಳಿಯುತ್ತದೆ. ಟ್ಯಾಂಕ್ ಹಿಂದೆ, ಸೀಟಿನ ಕೆಳಗಿದೆ. ಅಲ್ಲಿಂದ ಒಂದು ಉಕ್ಕಿನ ಪೈಪು ಚಾಸಿಯ ಮಗ್ಗುಲು ಹಿಡಿದು ಮುಂದೆ ಬರುತ್ತದೆ. ಅದರ ಎರಡೂ ತುದಿಗೆ ಒಂದೊಂದು ಗೇಣು ರಬ್ಬರ್ ಪೈಪು. ಮುಂದಿನ ರಬ್ಬರ್ ಪೈಪು ಫೀಡ್ ಪಂಪಿಗೆ ಸೇರುತ್ತದೆ. ಫೀಡ್ ಪಂಪು ಡೀಸೆಲನ್ನು ಎಳೆದು ಬಟ್ಟೆಯ ಫಿಲ್ಟರಿಗೆ, ಅಲ್ಲಿಂದ ಕಾಗದದ ಫಿಲ್ಟರಿಗೆ, ಅಲ್ಲಿಂದ ಇಂಜೆಕ್ಷನ್ ಪಂಪಿಗೆ ನೂಕುತ್ತದೆ. ಹೆಚ್ಚಾದದ್ದು ರಿಟರ್ನ್ ಪೈಪಿನಲ್ಲಿ ಟ್ಯಾಂಕಿಗೆ ಮರಳುತ್ತದೆ. ಹಾಗಾಗಿ ಫೀಡ್ ಪಂಪು ಎಂಬುದು ಎರಡು ಸೀಮೆಗಳ ನಡುವಿನ ಗಡಿಕಲ್ಲು. ಅದರ ಮುಂದಿನದೆಲ್ಲ ಒತ್ತಡದ ಸೀಮೆ, ಅಲ್ಲಿ ವಾಷರ್ ಸಡಿಲವಾದರೆ ಡೀಸೆಲ್ ಹೊರಗೆ ಜಿನುಗುತ್ತದೆ, ಎರೆಮಣ್ಣಿನ ಧೂಳು ಅದಕ್ಕೆ ಮೆತ್ತಿ ಕಪ್ಪು ಕೆಸರಾಗುತ್ತದೆ, ಯಾರ ಕಣ್ಣಿಗಾದರೂ ಬೀಳುತ್ತದೆ. ಅದರ ಹಿಂದಿನದೆಲ್ಲ ಎಳೆತದ ಸೀಮೆ. ಅಲ್ಲಿ ಸಂದು ಬಿಟ್ಟರೆ ಡೀಸೆಲ್ ಹೊರಗೆ ಬರುವುದಿಲ್ಲ, ಗಾಳಿ ಒಳಗೆ ಹೋಗುತ್ತದೆ.

‘ಡಿಜೇಲ್ ಸೋರಿದ್ರ ಕಣ್ಣಿಗಿ ಕಾಣತೈತ್ರಿ. ಗಾಳಿ ಒಳಗ ಹೋಗೂದು ಯಾರಿಗಿ ಕಾಣಬೇಕ್ರಿ?’ ಎಂದು ಚಾಚಾ ಹೇಳಿದ್ದು ಇದನ್ನೇ.

ಆ ಸಂದು ದೊಡ್ಡದಿರಬೇಕಾಗಿಯೂ ಇಲ್ಲ. ಗಾಳಿಯ ಸ್ನಿಗ್ಧತೆ ಡೀಸೆಲಿನದಕ್ಕಿಂತ ಸುಮಾರು ನೂರು ಪಟ್ಟು ಕಡಿಮೆ. ಡೀಸೆಲ್ ನುಸುಳಲಾರದ ಬಿರುಕಿನಲ್ಲಿ ಗಾಳಿ ಸರಾಗವಾಗಿ ನುಸುಳುತ್ತದೆ. ಟ್ಯಾಂಕಿನಿಂದ ಪಂಪಿನವರೆಗಿನ ಎತ್ತರ ಎರಡಡಿಯೆಂದು ಹಿಡಿದರೆ ಡೀಸೆಲಿನ ಆ ಕಂಬವನ್ನು ಎತ್ತಿಹಿಡಿಯಲು ಬೇಕಾದ ಎಳೆತ ಒಂದು ಬಾರ್‌ನ (ಹೆಚ್ಚುಕಡಿಮೆ ನಮ್ಮ ಸುತ್ತಲಿನ ಗಾಳಿಯ ಒತ್ತಡದಷ್ಟು) ಇಪ್ಪತ್ತರಲ್ಲಿ ಒಂದು ಪಾಲು ಮಾತ್ರ. ರಾತ್ರಿ ಎಂಜಿನ್ ನಿಂತ ಮೇಲೆ, ಮೇಲಿನ ಸಂದಿನಿಂದ ಗಾಳಿ ಹೊಕ್ಕಷ್ಟೂ ಕಂಬ ಕೆಳಗಿಳಿದು ಟ್ಯಾಂಕಿಗೆ ಹಿಂದಿರುಗುತ್ತದೆ. ಮೂತಿ ಮೇಲಾಗಿದ್ದರೆ ಕಂಬದ ಎತ್ತರವೂ ಹೆಚ್ಚು, ಇಳಿಯುವ ವೇಗವೂ ಹೆಚ್ಚು. ಬೆಳಿಗ್ಗೆ ಫಿಲ್ಟರಿನಲ್ಲಿ ಉಳಿದಿದ್ದ ಡೀಸೆಲ್ ಮೇಲೆ ಎಂಜಿನ್ ಎದ್ದರೂ ಹಿಂದಿನಿಂದ ಬರುವುದು ಬರೀ ಗಾಳಿ. ನೋಜಲ್ ತೆರೆಯಲು ಸುಮಾರು 200 ಬಾರ್ ಒತ್ತಡ ಬೇಕು. ಡೀಸೆಲನ್ನು ಪ್ಲಂಜರ್ ಒತ್ತಿದರೆ ಅದು ಕುಗ್ಗುವುದು ಅತ್ಯಲ್ಪ, ಒತ್ತಡ ಕೂಡಲೇ ಏರಿ ನೋಜಲ್ ಬಿಚ್ಚಿಕೊಳ್ಳುತ್ತದೆ. ಗಾಳಿಯನ್ನು ಒತ್ತಿದರೆ ಅದು ಸ್ಪ್ರಿಂಗಿನಂತೆ ಮುದುಡಿ ಮತ್ತೆ ಅರಳುತ್ತದೆ, ನೋಜಲಿಗೆ ಏನೂ ತಲುಪುವುದಿಲ್ಲ. ಸೆಲ್ಫ್ ಹೊಡೆದಾಗ ಸೈಲೆನ್ಸರಿನಲ್ಲಿ ಹೊಗೆಯೇ ಬಾರದಿದ್ದರೆ ಡೀಸೆಲ್ ತಲುಪಿಲ್ಲವೆಂದೂ, ಬಿಳಿ ಹೊಗೆ ಬಂದರೆ ತಲುಪಿದ್ದು ಸರಿಯಾಗಿ ಉರಿಯುತ್ತಿಲ್ಲವೆಂದೂ ತಿಳಿಯಬೇಕೆಂದು ಚಾಚಾ ಹೇಳಿಕೊಟ್ಟರು. ನಮ್ಮ ಜೀಪು ಮೊದಲು ಏನೂ ಬಿಡದೆ, ಆಮೇಲೆ ಬಿಳಿಯದನ್ನು ಬಿಡುತ್ತಿತ್ತು.

ಅಷ್ಟರೊಳಗೆ ನಾನೇ ಒಂದು ದಡ್ಡತನ ಮಾಡಿದ್ದೆ. ಬಟ್ಟೆಯ ಫಿಲ್ಟರಿನ ಬೋಲ್ಟಿಗೆ ನೀರಿನ ನಲ್ಲಿಗೆ ಸುತ್ತುವ ಬಿಳಿ ಟೆಫ್ಲಾನ್ ಟೇಪು ಸುತ್ತಿ ಬಿಗಿದಿದ್ದೆ. ಚಾಚಾ ಅದನ್ನು ನೋಡಿ ತುಟಿ ಪಿಟಕ್ಕೆನ್ನದೆ ಬಿಚ್ಚಿ, ಚಿಮುಟದಿಂದ ಎಳೆಯೆಳೆಯಾಗಿ ತೆಗೆದು ನನ್ನ ಅಂಗೈಯಲ್ಲಿ ಇಟ್ಟರು. ಆ ಎಳೆಗಳು ಕಿತ್ತು ಒಳಗೆ ಸೇರಿ ಪಂಪಿನ ವಾಲ್ವಿಗೆ ಸಿಕ್ಕಿದ್ದರೆ ಗಾಳಿಯ ರೋಗಕ್ಕಿಂತ ದೊಡ್ಡ ರೋಗವಾಗುತ್ತಿತ್ತು. ಇಂಥ ಬೋಲ್ಟುಗಳಲ್ಲಿ ಬಿಗಿ ಹಿಡಿಯುವುದು ಬೋಲ್ಟಿನ ಥ್ರೆಡ್ ಅಲ್ಲ, ತಲೆಯ ಕೆಳಗಿನ ತಾಮ್ರದ ವಾಷರ್.

ಪರೀಕ್ಷೆ ಶುರುವಾದದ್ದು ಟ್ಯಾಂಕಿನ ಮುಚ್ಚಳದಿಂದ. ಮುಚ್ಚಳದ ಉಸಿರುಗಂಡಿ ಧೂಳಿನಿಂದ ಮುಚ್ಚಿಹೋದರೆ ಟ್ಯಾಂಕಿನೊಳಗೆ ನಿರ್ವಾತ ಉಂಟಾಗಿ ಡೀಸೆಲ್ ಬರದೆ ನಿಲ್ಲುತ್ತದೆ, ಅದರ ಲಕ್ಷಣವೂ ಹೀಗೆಯೇ ಇರುತ್ತದೆ. ಅರ್ಧ ಗಂಟೆ ಓಡಿಸಿ ಮುಚ್ಚಳ ತೆರೆದಾಗ ‘ಸುಸ್ಸ್’ ಎಂಬ ಎಳೆತದ ದನಿ ಬರಲಿಲ್ಲ. ಮುಚ್ಚಳ ನಿರಪರಾಧಿ.

ಆಮೇಲೆ ಚಾಚಾ ಫೀಡ್ ಪಂಪಿನ ಒಳಬಾಗಿಲಿಗೆ ಒಂದು ಗೇಣು ಪಾರದರ್ಶಕ ಪೈಪು ತೊಡಿಸಿ ಎರಡೂ ಕಡೆ ಕ್ಲಿಪ್ ಬಿಗಿದರು. ಎಂಜಿನ್ ಎಬ್ಬಿಸಿ, ಮೊದಲ ನಿಮಿಷದ ಗುಳ್ಳೆಗಳನ್ನು ಲೆಕ್ಕಕ್ಕೆ ಹಿಡಿಯಬೇಡಿರೆಂದು ಹೇಳಿದರು. ಪೈಪು ಬಿಚ್ಚಿದಾಗ ಹೊಕ್ಕ ಗಾಳಿ ಅದು. ಐದು ನಿಮಿಷವಾದರೂ ಗುಳ್ಳೆ ನಿಲ್ಲಲಿಲ್ಲ. ಸಾಸಿವೆ ಕಾಳಿನಷ್ಟು ಸಣ್ಣವು, ಒಂದರ ಹಿಂದೊಂದು, ಪೈಪಿನ ಮೇಲ್ಬದಿಗೆ ಅಂಟಿಕೊಂಡು ತೆವಳಿ ಬರುತ್ತಿದ್ದವು. ಆಕ್ಸಿಲರೇಟರ್ ಒತ್ತಿದಾಗ ಸಾಸಿವೆ ಜೋಳವಾಯಿತು. ಮೂರು ತಿಂಗಳು ನನ್ನನ್ನು ಕಾಡಿದ್ದನ್ನು ಮೊದಲ ಸಲ ಕಣ್ಣಾರೆ ಕಂಡೆ. ಗಾಳಿ ಪಂಪಿಗಿಂತ ಹಿಂದಿನಿಂದ ಬರುತ್ತಿದೆ ಎಂಬುದು ಇಷ್ಟರಿಂದಲೇ ಖಚಿತವಾಗಿತ್ತು, ಹನ್ನೊಂದು ಸಾವಿರದ ಕೆಲಸವೆಲ್ಲ ಗಡಿಕಲ್ಲಿನ ಆಚೆಗೆ ನಡೆದಿತ್ತು ಎಂಬುದೂ.

ಮುಂದಿನ ಪರೀಕ್ಷೆಗೆ ಐದು ಲೀಟರಿನ ಕ್ಯಾನು ಬೇಕಾಯಿತು. ಟ್ಯಾಂಕನ್ನೂ ಚಾಸಿಯ ಪೈಪನ್ನೂ ಬಿಟ್ಟು, ಕ್ಯಾನಿನಿಂದ ನೇರವಾಗಿ ಫೀಡ್ ಪಂಪಿಗೆ ಪೈಪು ಕೊಟ್ಟು, ಕ್ಯಾನನ್ನು ಮಡ್‌ಗಾರ್ಡಿನ ಮೇಲಿಟ್ಟರು. ಗುಳ್ಳೆ ನಿಂತವು. ನಾನು ಸಂತೋಷದಿಂದ ಎದ್ದು ನಿಂತರೆ ಚಾಚಾ ಕ್ಯಾನನ್ನು ಕೆಳಗಿಳಿಸಿ ನೆಲದ ಮೇಲಿಟ್ಟರು. ಮೇಲಿದ್ದಾಗ ಡೀಸೆಲ್ ತನ್ನ ಭಾರದಿಂದಲೇ ಇಳಿದು ಬರುತ್ತದೆ, ಫೀಡ್ ಪಂಪು ಎಳೆಯಬೇಕಾದ ಪ್ರಮೇಯವೇ ಇಲ್ಲ. ಹ್ಯಾಂಡ್ ಪಂಪಿನ ಸೀಲು ಸವೆದು ಅಲ್ಲಿಂದ ಗಾಳಿ ಹೋಗುತ್ತಿದ್ದರೂ ಆಗ ಅದು ಮುಚ್ಚಿಹೋಗುತ್ತದೆ. ನೆಲದ ಮೇಲಿಟ್ಟರೆ ಪಂಪು ನಿಜವಾಗಿ ಎಳೆಯಬೇಕು. ಎಳೆಯಿತು, ಗುಳ್ಳೆ ಬರಲಿಲ್ಲ. ಕ್ಯಾನನ್ನು ಮೇಲಿಟ್ಟು ಅಷ್ಟಕ್ಕೇ ನಿಲ್ಲಿಸುವವರನ್ನು ಆಮೇಲೆ ನಾನು ಹಲವು ಕಡೆ ನೋಡಿದ್ದೇನೆ. ಪರೀಕ್ಷೆಯ ಅರ್ಧವನ್ನು ಅವರು ಬಿಟ್ಟುಬಿಡುತ್ತಾರೆ.

ಉಳಿದದ್ದು ಟ್ಯಾಂಕಿನಿಂದ ಫೀಡ್ ಪಂಪಿನವರೆಗಿನ ದಾರಿ. ಅಲ್ಲಿ ಸಂದು ಎಲ್ಲಿದೆಯೆಂದು ಹುಡುಕಲು ಚಾಚಾ ಸೈಕಲ್ ಪಂಪು ತರಿಸಿದಾಗ ನಾನು ತಮಾಷೆಯೆಂದುಕೊಂಡೆ. ಟ್ಯಾಂಕಿನ ರಿಟರ್ನ್ ಪೈಪನ್ನು ಕಳಚಿ, ಆ ಮೂತಿಗೆ ಸೈಕಲ್ ಟ್ಯೂಬಿನ ವಾಲ್ವ್ ತುಂಡನ್ನು ಕಟ್ಟಿ, ಮುಚ್ಚಳದ ಕೆಳಗೆ ಪ್ಲಾಸ್ಟಿಕ್ ಹಾಳೆ ಇಟ್ಟು ಬಿಗಿದು, ಮೆಲ್ಲಗೆ ನಾಲ್ಕೈದು ಸಲ ಗಾಳಿ ಹೊಡೆದರು. ಇನ್ನೂ ಹೊಡೆಯಲೇ ಎಂದು ಕೇಳಿದ ಹುಡುಗನ ಕೈಯಿಂದ ಪಂಪನ್ನು ಕಸಿದುಕೊಂಡರು. ಟ್ಯಾಂಕಿನ ತಗಡು ಟೈರಲ್ಲ, ಕಂಪ್ರೆಸರ್ ಗಾಳಿ ಕೊಟ್ಟವರ ಟ್ಯಾಂಕು ಉಬ್ಬಿ ಹೊಲಿಗೆ ಬಿಟ್ಟದ್ದನ್ನು ಅವರು ಕಂಡಿದ್ದರು. ಎಳೆತದ ಸೀಮೆ ಈಗ ಸ್ವಲ್ಪ ಹೊತ್ತು ಒತ್ತಡದ ಸೀಮೆಯಾಗಿತ್ತು. ಗಾಳಿ ಒಳಗೆ ಹೋಗುತ್ತಿದ್ದ ದಾರಿಯಲ್ಲೇ ಈಗ ಡೀಸೆಲ್ ಹೊರಗೆ ಬರಬೇಕು.

ಹತ್ತು ನಿಮಿಷ ಏನೂ ಕಾಣಲಿಲ್ಲ. ಆಮೇಲೆ ಎಂಜಿನ್ ಬದಿಯ ರಬ್ಬರ್ ಪೈಪು ಚಾಸಿಯ ಪೈಪಿಗೆ ಸೇರುವಲ್ಲಿ, ಕ್ಲಿಪ್ಪಿನ ಅಂಚಿನಲ್ಲಿ, ಧೂಳು ಒಂದು ನೂಲಿನಷ್ಟು ಕಪ್ಪಾಯಿತು. ನೂಲು ದಪ್ಪವಾಗಿ ಒಂದು ಹನಿ ಕೂಡಿತು. ಕೈಯಿಟ್ಟು ಎಷ್ಟು ಸಲ ತಡವಿ ನೋಡಿದ್ದ ಜಾಗ ಅದು, ಒಂದು ದಿನವೂ ಒದ್ದೆಯಿರಲಿಲ್ಲ. ಕ್ಲಿಪ್ ತೆಗೆದು ಪೈಪನ್ನು ಬಗ್ಗಿಸಿದಾಗ, ಹೊರಗೆ ಹೊಳೆಯುತ್ತಿದ್ದ ರಬ್ಬರು ಕ್ಲಿಪ್ಪಿನ ಅಡಿಯಲ್ಲಿ ಮಾತ್ರ ಬೇಸಿಗೆಯ ಎರೆಹೊಲದಂತೆ ಬಾಯಿ ಬಿಟ್ಟಿತ್ತು. ಎಂಜಿನ್ನಿನ ಕಾವಿಗೆ ಅದು ಗಡುಸಾಗಿತ್ತು, ಹಿಂದೆ ಯಾರೋ ಕ್ಲಿಪ್ಪನ್ನು ಬಲವಾಗಿ ಬಿಗಿದು ಅಲ್ಲಿಯೇ ಕತ್ತರಿಸಿದ್ದರು.

ಎರಡೂ ತುದಿಯ ರಬ್ಬರ್ ಪೈಪನ್ನು ಡೀಸೆಲಿಗೆ ತಡೆಯುವ ಹೊಸ ಪೈಪಿನಿಂದ ಬದಲಿಸಿದೆವು. ಹೊಲದ ನೀರಿನ ಪೈಪನ್ನೋ ಪಾರದರ್ಶಕ ಪೈಪನ್ನೋ ಕಾಯಂ ಹಾಕಿ ಬಿಡುವವರಿದ್ದಾರೆ, ಅದು ಕೆಲವೇ ತಿಂಗಳಲ್ಲಿ ಗಡುಸಾಗಿ ಮತ್ತೆ ಇದೇ ಕಥೆ. ಫೀಡ್ ಪಂಪಿಗೆ ಪೈಪು ಸೇರಿಸುವ ಟೊಳ್ಳಾದ ಬ್ಯಾಂಜೊ ಬೋಲ್ಟಿನ ತಾಮ್ರದ ವಾಷರುಗಳನ್ನೂ ತೆಗೆದೆವು. ಆ ಅಳತೆಯ ಹೊಸ ವಾಷರು ಅಂದು ಸಿಗಲಿಲ್ಲ. ಚಾಚಾ ಹಳೆಯವನ್ನೇ ತಂತಿಗೆ ಪೋಣಿಸಿ ಸ್ಟವ್ ಮೇಲೆ ಕೆಂಪಗೆ ಕಾಯಿಸಿ ನೀರಿನಲ್ಲಿ ಅದ್ದಿದರು. ಒತ್ತಿ ಒತ್ತಿ ಗಡುಸಾದ ತಾಮ್ರ ಹೀಗೆ ಕಾಯಿಸಿದರೆ ಮತ್ತೆ ಮೆತ್ತಗಾಗಿ ಬೋಲ್ಟಿನ ಮುಖಕ್ಕೆ ಕೂರುತ್ತದೆ. ಕಬ್ಬಿಣವನ್ನು ಕಾಯಿಸಿ ನೀರಿಗದ್ದಿದರೆ ಗಟ್ಟಿಯಾಗುತ್ತದೆಂಬ ಕಮ್ಮಾರಸಾಲೆಯ ತಿಳಿವಳಿಕೆ ನನ್ನಲ್ಲಿದ್ದುದರಿಂದ ಇದನ್ನು ನಂಬಲು ಸ್ವಲ್ಪ ಹೊತ್ತು ಹಿಡಿಯಿತು.

ಇನ್ನು ಒಳಗೆ ಸೇರಿದ ಗಾಳಿಯನ್ನು ತೆಗೆಯಬೇಕು. ಅಂದು ಚಾಚಾ ಕೈ ಕಟ್ಟಿ ನಿಂತು ನನ್ನಿಂದಲೇ ಮಾಡಿಸಿದರು. ಟ್ಯಾಂಕಿಗೆ ಹತ್ತಿರವಾದ ಕಡೆಯಿಂದ ಶುರು ಮಾಡಿ ಎಂಜಿನ್ ಕಡೆಗೆ ಬರಬೇಕು ಎಂಬುದು ಇದರ ಮೂಲ ಸೂತ್ರ. ಹಿಂದುಮುಂದಾದರೆ ಹಿಂದಿನ ಗಾಳಿ ಮುಂದೆ ಬಂದು ಮಾಡಿದ ಕೆಲಸವೆಲ್ಲ ಹಾಳು. ಮೊದಲು ಬಟ್ಟೆಯ ಫಿಲ್ಟರಿನ ತಲೆಯ ಮೇಲಿನ ಏರ್ ಸ್ಕ್ರೂವನ್ನು ಎರಡು ಸುತ್ತು ಸಡಿಲಿಸಿ, ಅಡಿಯಲ್ಲಿ ಬಟ್ಟೆ ಹಿಡಿದು, ಹ್ಯಾಂಡ್ ಪಂಪು ಒತ್ತುತ್ತ ಹೋದೆ. ಇಪ್ಪತ್ತು ಸಲದವರೆಗೆ ಬರೀ ಪುಸಪುಸ. ಆಮೇಲೆ ಆಗತಾನೆ ಕರೆದ ಹಾಲಿನಂತೆ ನೊರೆ ನೊರೆಯಾದ ಡೀಸೆಲ್. ನೊರೆ ಕರಗಿ ಗುಳ್ಳೆಯಿಲ್ಲದ ಎಣ್ಣೆಯ ಎಳೆ ಬಂದಾಗ, ಒತ್ತುವುದನ್ನು ನಿಲ್ಲಿಸದೆಯೇ ಇನ್ನೊಂದು ಕೈಯಿಂದ ಸ್ಕ್ರೂ ಬಿಗಿಯಬೇಕು; ನಿಲ್ಲಿಸಿ ಬಿಗಿದರೆ ಅದೇ ಸಂದಿನಿಂದ ಗಾಳಿ ಮತ್ತೆ ಒಳಗೆ. ಕಾಗದದ ಫಿಲ್ಟರಿಗೂ ಇದೇ ಕ್ರಮ, ಇಂಜೆಕ್ಷನ್ ಪಂಪಿನ ಮೈಮೇಲಿನ ಸ್ಕ್ರೂವಿಗೂ ಇದೇ. ಅಷ್ಟು ಹೊತ್ತಿಗೆ ಹ್ಯಾಂಡ್ ಪಂಪು ಬೆರಳಿಗೆ ಕಲ್ಲಿನಂತಾಗಿತ್ತು. ಅದರ ಗುಬಟನ್ನು ಮರೆಯದೆ ಕೆಳಗೊತ್ತಿ ತಿರುಗಿಸಿ ಬಿಗಿಯಬೇಕು, ಸಡಿಲ ಬಿಟ್ಟರೆ ಅದೇ ಗಾಳಿಯ ಹೊಸ ಬಾಗಿಲಾಗುತ್ತದೆ.

ಕಡೆಯದಾಗಿ 17 ನಂಬರ್ ಪಾನಾದಿಂದ ನೋಜಲ್ ಪೈಪುಗಳ ನಟ್ಟನ್ನು ಅರ್ಧ ಸುತ್ತು ಸಡಿಲಿಸಿ, ಆಕ್ಸಿಲರೇಟರ್ ಪೂರ್ತಿ ಒತ್ತಿ ಸೆಲ್ಫ್ ಹೊಡೆಯಬೇಕು. ಒಮ್ಮೆಗೆ ಹದಿನೈದು ಸೆಕೆಂಡಿಗಿಂತ ಹೆಚ್ಚು ಬೇಡ, ನಡುವೆ ಒಂದೆರಡು ನಿಮಿಷ ಸೆಲ್ಫ್ ಮೋಟಾರು ಆರಲಿ. ನಟ್ಟಿನ ಬುಡದಲ್ಲಿ ಮೊದಲು ನೊರೆ, ಆಮೇಲೆ ಬಿಟ್ಟು ಬಿಟ್ಟು ಡೀಸೆಲ್ ಚಿಮ್ಮುತ್ತದೆ. ಚಿಮ್ಮಿದ ಪೈಪನ್ನು ಬಿಗಿಯುತ್ತ ಬಂದಂತೆ ಎಂಜಿನ್ ಒಂದೊಂದೇ ಸಿಲಿಂಡರಿನಲ್ಲಿ ಎಚ್ಚರಗೊಳ್ಳುತ್ತದೆ. ಆ ಚಿಮ್ಮುವ ಜಾಗಕ್ಕೆ ಬೆರಳು ಒಯ್ಯುವುದು ಅಪಾಯ: ಆ ಒತ್ತಡದ ಡೀಸೆಲ್ ಚರ್ಮವನ್ನು ತೂರಿ ಒಳಗೆ ಹೋಗಬಲ್ಲದು, ಹೊರಗೆ ಸೂಜಿ ಚುಚ್ಚಿದಷ್ಟೇ ಕಂಡರೂ ತಡಮಾಡದೆ ಆಸ್ಪತ್ರೆಗೆ ಹೋಗಬೇಕಾದ ಗಾಯವದು. ನಟ್ಟು ಸಡಿಲಿಸುವ ಈ ವಿಧಾನ ಹಳೆಯ ಪಂಪುಗಳಿಗೆ ಮಾತ್ರ ಎಂಬುದನ್ನೂ ಹೇಳಿಬಿಡುತ್ತೇನೆ. ಈಗಿನ ಕಾಮನ್ ರೈಲ್ ಎಂಜಿನ್ನುಗಳ ಪೈಪಿನಲ್ಲಿ ಸಾವಿರಕ್ಕೂ ಮೀರಿದ ಬಾರ್ ಒತ್ತಡವಿರುತ್ತದೆ, ಅಲ್ಲಿ ಯಾರೂ ಹೀಗೆ ಪಾನಾ ಹಾಕಬಾರದು.

ಮರುದಿನ ಬೆಳಿಗ್ಗೆ ಮೂತಿ ಮೇಲಾಗಿ ನಿಲ್ಲಿಸಿದ್ದ ಜೀಪು ಮೊದಲ ಸಲಕ್ಕೇ ಎದ್ದಿತು. ಹನ್ನೆರಡು ದಿನ ಹಾಗೆಯೇ ಎದ್ದಿತು. ಹದಿಮೂರನೆಯ ದಿನ ಲೋಕಾಪುರದ ಕಡೆ ಹೋಗಿ ಬರುವಾಗ ದಾರಿಯಲ್ಲಿ ಮತ್ತೆ ಬಿಕ್ಕಿತು.

ನಾನು ಕೈ ಚೆಲ್ಲಿದ್ದೆ. ಚಾಚಾ ಮಾತ್ರ ನನ್ನ ವಹಿಯನ್ನು ಕೇಳಿ ಪಡೆದು, ಅಂದಿನ ಬೆರಳಿನ ಲೆಕ್ಕ ನೋಡಿದರು: ಆರು. ಹಿಂದಿನ ಹನ್ನೆರಡೂ ದಿನ ಎಂಟರಿಂದ ಹನ್ನೊಂದು. ಹಿಂದಿನ ತಿಂಗಳ ಪುಟಗಳಿಗೆ ಹೋದರೆ, ಅಲ್ಲಿ ಬೆಳಗಿನ ತೊಂದರೆ ಎಲ್ಲ ಮಟ್ಟದಲ್ಲೂ ಇತ್ತು, ಆದರೆ ದಾರಿಯ ನಡುವೆ ನಿಂತ ದಿನಗಳೆಲ್ಲ ಏಳು ಬೆರಳಿಗಿಂತ ಕಡಿಮೆ ಇದ್ದ ದಿನಗಳೇ ಆಗಿದ್ದವು. ರೋಗ ಒಂದಲ್ಲ, ಎರಡು. ರಬ್ಬರಿನ ಬಿರುಕು ದಿನವೂ ಗಲಾಟೆ ಮಾಡುತ್ತಿದ್ದುದರಿಂದ ಎರಡನೆಯದರ ದನಿ ಅದರೊಳಗೆ ಮುಚ್ಚಿಹೋಗಿತ್ತು. ಗ್ಯಾರೇಜಿನ ಕೆಲಸದ ನಂತರ ಒಂದು ವಾರ ಗಾಡಿ ನಡುದಾರಿಯಲ್ಲಿ ನಿಲ್ಲದಿದ್ದುದೂ ತುಂಬಿದ ಟ್ಯಾಂಕಿನ ಪುಣ್ಯವೇ ಇರಬೇಕು.

‘ಈಗ ಪೈಪ ಹೊರಗ ನೋಡಬ್ಯಾಡ್ರಿ, ಟಾಕಿ ಒಳಗ ನೋಡ್ರಿ,’ ಎಂದರು ಚಾಚಾ. ಕ್ಯಾನನ್ನು ಈ ಸಲ ಹಿಂದಕ್ಕೆ ಒಯ್ದು, ಟ್ಯಾಂಕಿನಿಂದ ಕಳಚಿದ ಚಾಸಿ ಪೈಪಿನ ತುದಿಗೆ ಸೇರಿಸಿ ನೆಲದ ಮೇಲಿಟ್ಟು ಓಡಿಸಿದೆವು. ಗುಳ್ಳೆ ಇಲ್ಲ. ಟ್ಯಾಂಕಿಗೆ ಮರಳಿ ಸೇರಿಸಿದೆವು, ಗುಳ್ಳೆ ಬಂದವು. ಉಳಿದದ್ದು ಟ್ಯಾಂಕಿನ ಮೇಲ್ಭಾಗದಿಂದ ತಳದವರೆಗೆ ಇಳಿದಿರುವ ಹೀರುಪೈಪು ಒಂದೇ. ಸೈಕಲ್ ಪಂಪಿನ ಪರೀಕ್ಷೆ ಇದನ್ನು ಏಕೆ ಹಿಡಿಯಲಿಲ್ಲ ಎಂದರೆ, ಆ ಪೈಪಿನ ಒಳಗೂ ಹೊರಗೂ ಟ್ಯಾಂಕಿನ ಅದೇ ಒತ್ತಡವಿತ್ತು. ಅದರಲ್ಲಿ ತೂತಿದ್ದರೂ ಸೋರಿದ್ದು ಟ್ಯಾಂಕಿನೊಳಕ್ಕೇ ಅಲ್ಲವೇ.

ಸೀಟು ತೆಗೆದು, ಐದು ಸ್ಕ್ರೂ ಬಿಚ್ಚಿ ಹೀರುಪೈಪನ್ನು ಮೇಲಕ್ಕೆಳೆದೆವು. ತಳದ ಜಾಲರಿಯನ್ನು ಬಿಚ್ಚಿ, ಆ ಬಾಯಿಯನ್ನು ಹೆಬ್ಬೆರಳಿನಿಂದ ಮುಚ್ಚಿ, ನೀರಿನ ಬಕೆಟ್ಟಿನಲ್ಲಿ ಮುಳುಗಿಸಿ ಮೇಲಿನಿಂದ ಊದಿದಾಗ ಪೈಪಿನ ನಡುವಿನಿಂದ ಗುಳ್ಳೆಗಳ ದಾರ ಎದ್ದಿತು. ಟ್ಯಾಂಕಿನ ಒಳಗಿನ ಅಡ್ಡತಗಡಿಗೆ ವರ್ಷಗಟ್ಟಲೆ ಉಜ್ಜಿ ಉಜ್ಜಿ ಪೈಪಿನ ಮೈ ಒಂದು ಕಡೆ ಹೊಳಪಾಗಿತ್ತು, ಹೊಳಪಿನ ನಡುವೆ ಸೂಜಿಮೊನೆಯಷ್ಟು ತೂತು. ನನ್ನ ಬಿದಿರು ಕಡ್ಡಿಯನ್ನು ಪಕ್ಕದಲ್ಲಿ ಹಿಡಿದೆ. ತಳದಿಂದ ಸರಿಯಾಗಿ ಏಳು ಬೆರಳು. ಡೀಸೆಲ್ ಅದಕ್ಕಿಂತ ಮೇಲಿದ್ದರೆ ತೂತಿನಿಂದಲೂ ಡೀಸೆಲನ್ನೇ ಹೀರುತ್ತದೆ, ಯಾವ ಬಾಧೆಯೂ ಇಲ್ಲ, ಕೆಳಗಿಳಿದರೆ ಗಾಳಿ. ಎಂಜಿನ್ ಹಗುರವಾಗಿ ತಿರುಗುವಾಗ ಆ ಸ್ವಲ್ಪ ಗಾಳಿ ರಿಟರ್ನ್ ಪೈಪಿನಲ್ಲಿ ಹೊರಟುಹೋಗುತ್ತದೆ. ಏರಿನಲ್ಲಿ ಎಳೆತ ಹೆಚ್ಚಾದಾಗ ತಡೆಯಲಾರದೆ ನಿಲ್ಲುತ್ತದೆ.

ಪೈಪು ಟ್ಯಾಂಕಿನಿಂದ ಹೊರಗೆ ಬಂದದ್ದು ದೊಡ್ಡ ಅನುಕೂಲವಾಯಿತು. ಡೀಸೆಲ್ ಹಬೆ ತುಂಬಿದ ಟ್ಯಾಂಕಿನ ಹತ್ತಿರ ಬೆಂಕಿ ಹಿಡಿಯುವ ಪ್ರಶ್ನೆಯೇ ಬರಲಿಲ್ಲ. ಪೈಪನ್ನು ಚೆನ್ನಾಗಿ ತೊಳೆದು ಒಣಗಿಸಿ ಗ್ಯಾಸ್ ವೆಲ್ಡಿಂಗ್ ಅಂಗಡಿಯಲ್ಲಿ ಹಿತ್ತಾಳೆ ಬೆಸುಗೆ ಹಾಕಿಸಿ, ಅಡ್ಡತಗಡಿಗೆ ತಾಗದಂತೆ ತುಸು ಬಗ್ಗಿಸಿ, ಮತ್ತೆ ಬಕೆಟ್ಟಿನಲ್ಲಿ ಊದಿ ನೋಡಿ ಕೂರಿಸಿದೆವು. ಪೈಪು, ಕ್ಲಿಪ್ಪು, ಬೆಸುಗೆ ಎಲ್ಲ ಸೇರಿ ಸಾಮಾನಿನ ಖರ್ಚು ಆರುನೂರು ರೂಪಾಯಿ ದಾಟಲಿಲ್ಲ. ಚಾಚಾ ತಮ್ಮ ಮಜೂರಿಯನ್ನು ಬಾಯಿಬಿಟ್ಟು ಕೇಳುವವರಲ್ಲ. ದಾಳಿಂಬೆಯ ಎರಡು ಬುಟ್ಟಿಯನ್ನೂ ಸೇರಿಸಿ ಕೊಟ್ಟು ಬಂದೆ.

ಆ ಹೊಳಪು ಒಂದೆರಡು ವರ್ಷದ ಉಜ್ಜಾಟದಿಂದ ಆಗುವಂಥದಲ್ಲ. ತೂತು ತಂದೆಯವರ ಕಾಲದಲ್ಲಿಯೇ ಬಿದ್ದಿದ್ದರೂ ಬಿದ್ದಿರಬಹುದು. ಅವರು ಬಂಕಿಗೆ ಹೋದರೆಂದರೆ ಹನ್ನೆರಡು ಬೆರಳು ತುಂಬಿಸದೆ ಬರುತ್ತಿರಲಿಲ್ಲ, ಎಂಟಕ್ಕೆ ಇಳಿದೊಡನೆ ಮತ್ತೆ ತುಂಬಿಸುತ್ತಿದ್ದರು. ಅದು ಅವರ ಜಂಬವೆಂದು ನಾವು ಮಕ್ಕಳು ಆಡಿಕೊಳ್ಳುತ್ತಿದ್ದೆವು. ಡೀಸೆಲಿನ ದರ ನೋಡಿ ಹತ್ತು ಹತ್ತು ಲೀಟರ್ ಹಾಕಿಸುವ ರೂಢಿ ನನ್ನದು. ಪಾರದರ್ಶಕ ಪೈಪನ್ನು ತೆಗೆದು ರಬ್ಬರ್ ಪೈಪು ತೊಡಿಸುವ ಮೊದಲು, ನಾಲ್ಕೇ ಬೆರಳು ಡೀಸೆಲ್ ಇಟ್ಟುಕೊಂಡು ಗುಳೇದಗುಡ್ಡದ ಅದೇ ಏರಿಗೆ ಒಯ್ದು, ನಡುವೆ ನಿಲ್ಲಿಸಿ, ಎಂಜಿನ್ ದನಿ ಏರಿಸಿ ಬಾನೆಟ್ ಎತ್ತಿ ನೋಡಿದೆ. ಪೈಪಿನಲ್ಲಿ ಡೀಸೆಲ್ ಹರಿಯುತ್ತಿದೆಯೋ ಇಲ್ಲವೋ ಎಂದು ಅನುಮಾನ ಬರುವಷ್ಟು ಅದು ತಿಳಿಯಾಗಿತ್ತು.